ಕೀನ್ಯಾ ಪ್ರವಾಸಕ್ಕೆ ಇಟಿಎ ಪಡೆಯುವ ಕ್ರಮ

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದ ಹುಲ್ಲುಗಾವಲಿನಲ್ಲಿ ವಿಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಗಳ ಹಿಂಡುಗಳು ಕಾಣಸಿಗುವುದು ಹೆಚ್ಚಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ. ಈ ಅವಧಿಯ ಕೊನೆಗೆ ನಮ್ಮ ದಸರಾ ರಜೆಯೂ ಕೂಡಿಬರುವುದರಿಂದ, ಮಕ್ಕಳೊಂದಿಗೆ ಒಂದು ವಾರದ ಮಟ್ಟಿಗೆ ಕೀನ್ಯಾಕ್ಕೆ ಹೋಗಿಬರಬೇಕೆಂದು ಯೋಚಿಸುವವರಿಗೆ ಅದು ಅನುಕೂಲದ ಕಾಲ. 2024ರ ಜನವರಿಯಿಂದ ಕೀನ್ಯಾ ಸರ್ಕಾರವು ಹಳೆಯ ವೀಸಾ ಪದ್ಧತಿಯನ್ನು ಕೈಬಿಟ್ಟು, ಅದರ ಜಾಗದಲ್ಲಿ ವಿದ್ಯುನ್ಮಾನ ಪ್ರಯಾಣ ಅನುಮತಿಯನ್ನು, ಅಂದರೆ ಇಟಿಎಯನ್ನು ತಂದಿದೆ. ವೀಸಾ ಬೇಡ ಎಂಬ ಮಾತನ್ನು ಕೇಳಿ ಟಿಕೆಟ್ ಒಂದಿದ್ದರೆ ಸಾಕೆಂದು ಭಾವಿಸಬಾರದು. ಭಾರತೀಯ ಪಾಸ್‌ಪೋರ್ಟ್ ಉಳ್ಳ ಪ್ರತಿಯೊಬ್ಬರಿಗೂ, ಕೈಗೂಸಿಗೂ ಸಹ, ಪ್ರತ್ಯೇಕ ಇಟಿಎ ಇರಲೇಬೇಕು ಮತ್ತು ಅದನ್ನು ಹೊರಡುವ ಮುನ್ನವೇ ಪಡೆದಿರಬೇಕು.

ಪ್ರವಾಸದ ದಿನದಿಂದ ಹಿಂದಕ್ಕೆ ಎಣಿಸಿ ಸಿದ್ಧತೆಯನ್ನು ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅರ್ಜಿಯ ವಿಲೇವಾರಿಗೆ ಸಾಮಾನ್ಯವಾಗಿ ಮೂರು ಕೆಲಸದ ದಿನಗಳು ಬೇಕಾಗುತ್ತವೆ. ಆದರೆ ಫೋಟೊ ಮಸುಕಾಗಿದೆ, ದಾಖಲೆ ಸಾಲದು ಎಂದು ಅರ್ಜಿ ಹಿಂದಕ್ಕೆ ಬಂದರೆ ಆ ಮೂರು ದಿನ ವಾರವಾಗಬಹುದು. ಪ್ರಯಾಣಕ್ಕೆ ಮೂರು ತಿಂಗಳ ಒಳಗೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದಾಗಿದ್ದು, ಮೂರು ವಾರ ಮೊದಲು ಹಾಕಿದರೆ ತಿದ್ದುಪಡಿಗೂ ಸಮಯ ಉಳಿಯುತ್ತದೆ, ಅನುಮತಿಯ ಅವಧಿ ವ್ಯರ್ಥವಾಗಿ ಕಳೆದುಹೋಗುವುದೂ ಇಲ್ಲ.

ಅರ್ಜಿಯಲ್ಲಿ ವಿಮಾನದ ವಿವರ, ತಂಗುವ ಸ್ಥಳ, ಮರಳುವ ದಿನಾಂಕ ಇವೆಲ್ಲವನ್ನೂ ಕೇಳುವುದರಿಂದ ಟಿಕೆಟ್ ಮತ್ತು ವಸತಿಯನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕಾಗುತ್ತದೆ. ಪ್ರವಾಸ ಸಂಸ್ಥೆಯ ಮೂಲಕ ಹೋಗುವವರು ಪ್ರತಿ ರಾತ್ರಿ ಎಲ್ಲಿ ಉಳಿಯುತ್ತೀರಿ ಎಂಬುದನ್ನು ತೋರಿಸುವ ದೃಢೀಕರಣ ಪತ್ರವನ್ನು ಅವರಿಂದ ಕೇಳಿ ಪಡೆಯಬೇಕು. ನೈರೋಬಿಯಲ್ಲಿರುವ ಬಂಧುಗಳ ಮನೆಯಲ್ಲಿ ಉಳಿಯುವವರಾದರೆ ಅವರ ಆಹ್ವಾನ ಪತ್ರ ಬೇಕಾಗುತ್ತದೆ. ಪಾಸ್‌ಪೋರ್ಟ್ ಕೀನ್ಯಾ ತಲುಪಿದ ದಿನದಿಂದ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರಬೇಕು ಮತ್ತು ಅದರಲ್ಲಿ ಖಾಲಿ ಪುಟವಿರಬೇಕು.

ಕೀನ್ಯಾ ಸರ್ಕಾರದ ಅಧಿಕೃತ ಜಾಲತಾಣದ ವಿಳಾಸ ‘ಗೋ ಡಾಟ್ ಕೆಇ’ ಎಂದು ಕೊನೆಗೊಳ್ಳುತ್ತದೆ. ಹುಡುಕಾಟದಲ್ಲಿ ಮೇಲೆ ಕಾಣಿಸುವ ಜಾಹೀರಾತುಗಳಲ್ಲಿ ಅಷ್ಟೇ ಗಂಭೀರವಾಗಿ ತೋರುವ ಖಾಸಗಿ ತಾಣಗಳೂ ಇರುತ್ತವೆ. ಅವು ಇದೇ ಅರ್ಜಿಯನ್ನು ತುಂಬಿಕೊಡಲು ಹೆಚ್ಚಿನ ಹಣ ಪಡೆಯುತ್ತವೆ. ಸಾಮಾನ್ಯ ಇಟಿಎಯ ಶುಲ್ಕ 30 ಅಮೆರಿಕನ್ ಡಾಲರ್. ಪಾವತಿ ಸೇವೆಯ ಅಲ್ಪ ವೆಚ್ಚ ಅದಕ್ಕೆ ಸೇರುತ್ತದೆ. ಕೇಳಿದ ಮೊತ್ತ ಇದಕ್ಕಿಂತ ಬಹಳ ಹೆಚ್ಚಾಗಿದ್ದರೆ ಕಾರ್ಡಿನ ವಿವರ ನೀಡುವ ಮೊದಲು ವಿಳಾಸವನ್ನು ಇನ್ನೊಮ್ಮೆ ಓದಿ ನೋಡಬೇಕು. ಒಮ್ಮೆ ಕಟ್ಟಿದ ಶುಲ್ಕ ಮರಳಿ ಬರುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ವಿದೇಶಿ ಪಾವತಿಯ ಸೌಲಭ್ಯ ತೆರೆದಿದೆಯೇ ಎಂಬುದನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಹೆಸರು ತುಂಬುವ ಕಡೆಯಲ್ಲಿ ಕನ್ನಡಿಗರು ವಿಶೇಷ ಎಚ್ಚರ ವಹಿಸಬೇಕು. ಅಡ್ಡಹೆಸರಿಲ್ಲದ, ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದೆ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಆಧಾರ್ ಕಾರ್ಡಿನಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಹೆಸರಿರುವವರು ಎಷ್ಟೋ ಮಂದಿ. ಅರ್ಜಿಯಲ್ಲಿ ಪಾಸ್‌ಪೋರ್ಟಿನ ಕ್ರಮವೊಂದೇ ಪ್ರಮಾಣ. ಅಲ್ಲಿ ಉಪನಾಮದ ಜಾಗದಲ್ಲಿ ಏನಿದೆಯೋ ಅದನ್ನು ಉಪನಾಮದಲ್ಲೇ, ಹೆಸರಿನ ಜಾಗದಲ್ಲಿ ಇರುವುದನ್ನು ಹೆಸರಿನಲ್ಲೇ, ಒಂದಕ್ಷರವೂ ಬಿಡದೆ ಬರೆಯಬೇಕು. ಉಪನಾಮದ ಜಾಗ ಖಾಲಿಯಿರುವವರು, ಅಂಥ ಹೆಸರನ್ನು ಹೇಗೆ ನಮೂದಿಸಬೇಕೆಂದು ಟಿಕೆಟ್ ಕೊಳ್ಳುವಾಗಲೇ ವಿಮಾನ ಸಂಸ್ಥೆಯನ್ನು ಕೇಳಿಕೊಂಡು, ಟಿಕೆಟ್ ಮತ್ತು ಇಟಿಎ ಎರಡರಲ್ಲೂ ಒಂದೇ ರೀತಿಯನ್ನು ಪಾಲಿಸುವುದು ಕ್ಷೇಮ. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಮೊದಲನೆಯದು ಅಕ್ಷರ, ಉಳಿದ ಏಳೂ ಅಂಕಿಗಳು; ಆದ್ದರಿಂದ ನಡುವೆ ದುಂಡಗೆ ಕಾಣುವುದು ಸೊನ್ನೆಯೇ ಹೊರತು ಇಂಗ್ಲಿಷಿನ ‘ಓ’ ಅಲ್ಲ.

ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟವನ್ನು ಹಗಲು ಬೆಳಕಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ತೆಗೆದು, ನಾಲ್ಕು ಮೂಲೆಗಳೂ ಕಾಣುವಂತೆ ಚಿತ್ರ ತೆಗೆಯಿರಿ. ಅರ್ಜಿ ಸಲ್ಲಿಸಿದ ಮೇಲೆ ಸಿಗುವ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅನುಮತಿ ಬಂದ ಕೂಡಲೇ ಅದರಲ್ಲಿರುವ ಹೆಸರು, ಸಂಖ್ಯೆ, ಜನ್ಮದಿನಾಂಕಗಳನ್ನು ಪಾಸ್‌ಪೋರ್ಟಿನೊಂದಿಗೆ ಹೋಲಿಸಿ ನೋಡಿ, ಒಂದು ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಗಡಿಯ ಆಚೆ ಸೆರೆಂಗೆಟಿಯನ್ನೂ ನೋಡುವ ಯೋಜನೆಯಿದ್ದರೆ ಈ ಅನುಮತಿ ಅಲ್ಲಿಗೆ ನಡೆಯದು. ಟಾಂಜಾನಿಯಾಕ್ಕೆ ಬೇರೆ ವೀಸಾ ಬೇಕು.

ಇನ್ನು, ಇಟಿಎ ಅರ್ಜಿಯ ಗಡಿಬಿಡಿಯಲ್ಲಿ ಸುಲಭವಾಗಿ ಮರೆತುಹೋಗುವ ಹಳದಿ ಜ್ವರದ ಲಸಿಕೆಯ ವಿಷಯ. ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿ ಕೀನ್ಯಾ ಸೇರಿರುವುದರಿಂದ, ಅಲ್ಲಿಂದ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರವಿರಬೇಕೆಂಬುದು ಭಾರತ ಸರ್ಕಾರದ ನಿಯಮ. ಭಾರತದಲ್ಲಿ ಈ ರೋಗ ಇಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಹೇರಳವಾಗಿದೆ. ಆದ್ದರಿಂದಲೇ ಈ ಬಿಗಿ. ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಬಳಿಕ ಅದು ಜೀವನಪರ್ಯಂತ ಸಲ್ಲುತ್ತದೆ. ಅಕ್ಟೋಬರ್ 10ರಂದು ಹೊರಡುವವರು ಸೆಪ್ಟೆಂಬರ್ ತಿಂಗಳ ಮೂರನೆಯ ವಾರದೊಳಗೆ ಲಸಿಕೆ ಪಡೆದಿದ್ದರೆ ನೆಮ್ಮದಿಯಿಂದಿರಬಹುದು.

ಈ ಲಸಿಕೆ ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂಥದ್ದೊಂದು. ಲಸಿಕೆ ಹಾಕುವ ದಿನ, ವೇಳೆಗಳನ್ನು ವಿಚಾರಿಸಿಕೊಂಡು, ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡೇ ಹೋಗಬೇಕು. ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು, ಅರವತ್ತು ದಾಟಿದವರು ಮತ್ತು ಒಂಬತ್ತು ತಿಂಗಳು ತುಂಬದ ಮಕ್ಕಳ ತಂದೆತಾಯಿಗಳು ಟಿಕೆಟ್ ಕೊಳ್ಳುವುದಕ್ಕೂ ಮೊದಲು ವೈದ್ಯರ ಸಲಹೆ ಪಡೆಯುವುದು ಅಗತ್ಯ. ಲಸಿಕೆ ಅವರಿಗೆ ಹೊಂದದಿದ್ದರೆ ಪ್ರವಾಸವನ್ನೇ ಮರುಚಿಂತಿಸಬೇಕಾದೀತು.

ನೈರೋಬಿಯ ಜೋಮೊ ಕೆನ್ಯಾಟ್ಟಾ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಇಟಿಎಯೊಂದಿಗೆ ವಸತಿಯ ಮತ್ತು ಮರಳುವ ಟಿಕೆಟ್ಟಿನ ದಾಖಲೆಗಳನ್ನೂ ಕೇಳಬಹುದು. ಒಳಗೆ ಬಿಡುವ ಅಂತಿಮ ನಿರ್ಧಾರ ಅವರದೇ ಆಗಿರುತ್ತದೆ. ಲಸಿಕೆಯ ಹಳದಿ ಪುಸ್ತಿಕೆಯನ್ನು ಮಾತ್ರ ಹೋಗುವಾಗಲೂ ಬರುವಾಗಲೂ ಲಗೇಜಿಗೆ ಹಾಕದೆ ಪಾಸ್‌ಪೋರ್ಟಿನೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮರಳಿ ಬಂದಾಗ ಸಾಮಾನು ಕೈಗೆ ಸಿಗುವ ಮೊದಲೇ ಅದನ್ನು ತೋರಿಸಬೇಕಾಗುತ್ತದೆ.