ಸ್ಕ್ವಿಡ್ ಪದೇ ಪದೇ ಬೀಳುತ್ತಿದ್ದರೆ ಸಿಗ್ನಲ್ ನಂಬರ್ ನೋಡಿ

ಸ್ಕ್ವಿಡ್ ಅಂದರೆ ನಮ್ಮ ಮಷೀನುಗಳಿಗೂ ಇಂಟರ್ನೆಟ್ಟಿಗೂ ನಡುವೆ ನಿಂತು, ತಂದ ಪುಟಗಳನ್ನು ಕ್ಯಾಶ್‌ನಲ್ಲಿ ಉಳಿಸಿಡುವ ಪ್ರಾಕ್ಸಿ ಸಾಫ್ಟ್‌ವೇರ್. ಅದು ಬಿತ್ತು ಅಂದ ಕೂಡಲೇ ರೀಸ್ಟಾರ್ಟ್ ಹೊಡೆದು ಕೈತೊಳೆದುಕೊಳ್ಳಬೇಡಿ. ಒಂದು ತಿಂಗಳು ನಾನೂ ಅದನ್ನೇ ಮಾಡಿದೆ. ಬೆಳಿಗ್ಗೆ ಎಬ್ಬಿಸಿದರೆ ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಮಲಗಿರುತ್ತಿತ್ತು.

ಎಲ್ಲರೂ ಮೊದಲು ಸ್ಕ್ವಿಡ್‌ನದೇ ಕ್ಯಾಶ್ ಲಾಗ್ ತೆಗೆಯುತ್ತಾರೆ. ನನ್ನದರಲ್ಲಿ ಏನೂ ಇರಲಿಲ್ಲ, ಮಾಮೂಲಿ ಸಾಲುಗಳ ಮಧ್ಯೆ ದಿಢೀರನೆ ಸ್ಕ್ವಿಡ್ ಹೊಸದಾಗಿ ಶುರುವಾದ ಸಾಲು, ಅಷ್ಟೇ. ಆಗ ಸಿಸ್‌ಲಾಗ್, ಅಂದರೆ ಇಡೀ ಮಷೀನಿನ ಲಾಗ್ ನೋಡಬೇಕು. ಕೆಲಸ ಮಾಡುವ ಪ್ರೋಸೆಸ್ ಯಾವ ಸಿಗ್ನಲ್‌ಗೆ (ಪ್ರೋಸೆಸ್‌ಗೆ ಕರ್ನಲ್ ಮುಟ್ಟಿಸುವ, ನಂಬರ್ ಇರುವ ಸೂಚನೆ) ಸತ್ತಿತು ಅಂತ ಸ್ಕ್ವಿಡ್‌ನ ಪೇರೆಂಟ್ ಪ್ರೋಸೆಸ್ ಅಲ್ಲಿ ಬರೆದಿಡುತ್ತದೆ.

9 ಅಂತಿದ್ದರೆ ಸ್ಕ್ವಿಡ್ ತಾನಾಗಿ ಸತ್ತಿಲ್ಲ, ಯಾರೋ ಕೊಂದಿದ್ದಾರೆ. ಹೆಚ್ಚಾಗಿ ಲಿನಕ್ಸ್ ಕರ್ನಲ್ಲೇ, ಮೆಮೊರಿ ಸಾಲದೆ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್ (dmesg) ಕಮಾಂಡಿನಲ್ಲಿ 'ಔಟ್ ಆಫ್ ಮೆಮೊರಿ' ಸಿಕ್ಕರೆ ಖಾತ್ರಿ. ನನ್ನ ತಪ್ಪು ಇಲ್ಲೇ ಇತ್ತು: ಮಷೀನಿನಲ್ಲಿ 4 ಜಿಬಿ ರ್‍ಯಾಮ್ ಇದೆ ಅಲ್ವಾ ಅಂತ ಕ್ಯಾಶ್‌ಮೆಮ್‌ಗೆ (cache_mem, ಮೆಮೊರಿಯಲ್ಲಿಡುವ ಕ್ಯಾಶಿನ ಗಾತ್ರದ ಸೆಟ್ಟಿಂಗ್) 3 ಜಿಬಿ ಕೊಟ್ಟಿದ್ದೆ. ಅದು ಸ್ಕ್ವಿಡ್ ತಿನ್ನುವ ಒಟ್ಟು ಮೆಮೊರಿಯ ಮಿತಿ ಅಲ್ಲವೇ ಅಲ್ಲ! ಡಿಸ್ಕ್ ಕ್ಯಾಶಿನ ಪ್ರತಿ ಜಿಬಿಗೂ 64 ಬಿಟ್ ಮಷೀನಿನಲ್ಲಿ ಸುಮಾರು 14 ಎಂಬಿ ರ್‍ಯಾಮ್ ಯಾವುದು ಎಲ್ಲಿದೆ ಅನ್ನುವ ಇಂಡೆಕ್ಸಿಗೇ ಬೇಕು, ಅಂದರೆ ನನ್ನ 100 ಜಿಬಿ ಕ್ಯಾಶಿಗೆ 1.4 ಜಿಬಿ. ಎರಡೂ ಸೇರಿದರೆ ಮಷೀನಿಗಿಂತ ಜಾಸ್ತಿ. ರೀಸ್ಟಾರ್ಟ್ ಮಾಡಿದಾಗ ಕ್ಯಾಶ್‌ಮೆಮ್ ಖಾಲಿಯಾಗಿ, ನಿಧಾನಕ್ಕೆ ತುಂಬುತ್ತದೆ, ಅದಕ್ಕೇ ಕೆಲವು ಗಂಟೆ ಎಲ್ಲ ಸರಿಹೋದ ಹಾಗೆ ಕಾಣುವುದು. ಕ್ಯಾಶ್‌ಮೆಮ್ 512 ಎಂಬಿಗೆ, ಡಿಸ್ಕ್ 30 ಜಿಬಿಗೆ ಇಳಿಸಿದೆ. ಆಮೇಲೆ ಬಿದ್ದಿಲ್ಲ.

ಸಿಗ್ನಲ್ 6 ಆಗಿದ್ದರೆ ಕ್ಯಾಶ್ ಲಾಗಿನಲ್ಲಿ 'ಅಸರ್ಷನ್ ಫೇಲ್ಡ್' (ಸ್ಕ್ವಿಡ್ ತನ್ನೊಳಗೇ ಮಾಡುವ ತಪಾಸಣೆ ಸೋತಿದೆ ಅಂತ) ಹುಡುಕಿ. 11 ಆಗಿದ್ದರೆ ಸೆಗ್ಮೆಂಟೇಷನ್ ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿದೆ. ಎರಡೂ ಹೆಚ್ಚಾಗಿ ಸ್ಕ್ವಿಡ್‌ನ ಬಗ್, ಕಾನ್ಫಿಗ್ ತಿರುಚುತ್ತ ಕೂರುವ ಬದಲು ವರ್ಷನ್ ಅಪ್‌ಗ್ರೇಡ್ ಮಾಡಿ. ಅದಕ್ಕೂ ಬಗ್ಗದಿದ್ದರೆ, ಯುಎಫ್‌ಎಸ್ ಮಾದರಿಯ (ಒಂದೊಂದನ್ನೂ ಬೇರೆ ಫೈಲಾಗಿ ಇಡುವ) ಡಿಸ್ಕ್ ಕ್ಯಾಶ್ ಇದ್ದಲ್ಲಿ, ಸ್ಕ್ವಿಡ್ ನಿಲ್ಲಿಸಿ ಕ್ಯಾಶಿನ ಇಂಡೆಕ್ಸ್ ಇರುವ ಸ್ವ್ಯಾಪ್.ಸ್ಟೇಟ್ (swap.state) ಫೈಲನ್ನು ಪಕ್ಕಕ್ಕೆ ಸರಿಸಿ ಮತ್ತೆ ಶುರು ಮಾಡಿ ನೋಡಿ. ಇಂಡೆಕ್ಸ್ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಕ್ಯಾಶ್ ದೊಡ್ಡದಿದ್ದರೆ ತುಂಬಾ ಹೊತ್ತು ಹಿಡಿಯುತ್ತದೆ, ಆಫೀಸ್ ಟೈಮಲ್ಲಿ ಈ ಸಾಹಸ ಬೇಡ.

ಫೈಲ್ ಡಿಸ್ಕ್ರಿಪ್ಟರ್ (ತೆರೆದ ಪ್ರತಿ ಫೈಲಿಗೂ ಕನೆಕ್ಷನ್ನಿಗೂ ಸಿಸ್ಟಮ್ ಕೊಡುವ ನಂಬರ್) ಮುಗಿಯುತ್ತಿದೆ ಅನ್ನುವ ಎಚ್ಚರಿಕೆ ಬಂದರೆ ಅದು ಬೇರೆ ರೋಗ. ಅದರಲ್ಲಿ ಪ್ರಾಕ್ಸಿ ಸಾಯುವುದಕ್ಕಿಂತ ತೆವಳುವುದೇ ಜಾಸ್ತಿ. ಸ್ಕ್ವಿಡ್ ಕಾನ್ಫಿಗ್‌ನಲ್ಲಿ ಮಿತಿ ಏರಿಸಿದರೆ ಸಾಲದು, ಸ್ಕ್ವಿಡ್ ಶುರು ಮಾಡಿಸುವ ಸಿಸ್ಟಮ್‌ಡಿಯ ಸರ್ವಿಸ್ ಫೈಲಿನಲ್ಲಿರುವ ಮಿತಿಯನ್ನೂ ನೋಡಿ.