ಎಸಿ ಕೆಟ್ಟರೆ ಮೊದಲು ಮಾಳಿಗೆ ತಣಿಸಿ

ಹೋದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಮನೆಯ ಎಸಿ ಬರೀ ಗಾಳಿ ಬಿಡತೊಡಗಿತು. ಗಾಳಿಯಲ್ಲಿ ತಂಪಿರಲಿಲ್ಲ. ಕಲಬುರಗಿಯ ಮೇ ತಿಂಗಳು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಸೀಮೆ ನಮ್ಮದು. ಮನೆಯಲ್ಲಿ 76 ವರ್ಷದ ನಮ್ಮ ಯಜಮಾನರು, ಬಿ.ಪಿ.ಗೆ ಮಾತ್ರೆ ತಗೊಳ್ಳುವವರು. ಜೊತೆಗೆ ಎಂಟು ತಿಂಗಳ ಕೂಸು. ರಿಪೇರಿಯವನಿಗೆ ಫೋನ್ ಹಚ್ಚಿದರೆ, "ನಾಕು ದಿನ ಆಗ್ತದ್ರಿ ಅಮ್ಮಾ, ಇಡೀ ಊರೇ ಕಾಯ್ಲಿಕತ್ತದ" ಅಂದ. ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಖ ನೋಡಿದಳು. "ಅತ್ತಿ, ನಾಕು ದಿನ ಹ್ಯಾಂಗ ಕಳೆಯೋದ್ರಿ?"

ಕಳೆದೆವು. ಹೇಗೆಂದು ಬರೆಯುತ್ತೇನೆ. ಈ ಬೇಸಿಗೆಯಲ್ಲೂ ಎಷ್ಟೋ ಮನೆಗಳಲ್ಲಿ ಇದೇ ಮಾತು ಬರುತ್ತದೆ.

ನಾನು ಬೆಳೆದದ್ದು ಚಿತ್ತಾಪುರದ ಕಡೆಯ ಹಳ್ಳಿಯಲ್ಲಿ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಬಿಸಿ ಗಾಳಿ ಮೇಲೇರಿ ಆ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಕಾಲಡಿ ಶಹಾಬಾದದ ಫರಸಿ ತಣ್ಣಗಿರುತ್ತಿತ್ತು. ಈಗಿನ ಮನೆಯನ್ನು ಎಸಿ ಇರುತ್ತದೆಂದೇ ಲೆಕ್ಕ ಹಾಕಿ ಕಟ್ಟುತ್ತಾರೆ. ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಾದ ಮೇಲೆ ಅದನ್ನು ಕೆಳಗೆ ಕೋಣೆಗೆ ಇಳಿಸುತ್ತದೆ. ರಾತ್ರಿ ಒಂಬತ್ತಕ್ಕೆ ಅಂಗಳದಲ್ಲಿ ಗಾಳಿ ಹಿತವಾಗಿದ್ದರೂ ಮಲಗುವ ಕೋಣೆ ಒಲೆಯ ಹಾಗೆ ಇರುವುದು ಇದೇ ಕಾರಣಕ್ಕೆ. ಅದಕ್ಕೇ ನಾನು ಮೊದಲು ಮಾಳಿಗೆಗೆ ಹತ್ತಿರಿ ಎನ್ನುತ್ತೇನೆ. ಫ್ಯಾನು, ಕೂಲರು ಎಲ್ಲ ಆಮೇಲೆ.

ಬಟ್ಟೆ ಒಗೆದ ನೀರು, ಸ್ನಾನದ ನೀರು ಹಿಡಿದಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಕುಡಿಯುವ ನೀರನ್ನು ಮಾಳಿಗೆಗೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಮಲಗುವ ಕೋಣೆಯ ಮೇಲಿನಷ್ಟೇ ಜಾಗಕ್ಕೆ ಹಳೆಯ ಗೋಣಿಚೀಲ ಹಾಸಿ ಆ ನೀರಿನಲ್ಲಿ ತೋಯಿಸಿ. ಬರೀ ಸ್ಲ್ಯಾಬಿನ ಮೇಲೆ ಸುರಿದ ನೀರು ಹತ್ತು ನಿಮಿಷದಲ್ಲಿ ಆರಿ ಹೋಗುತ್ತದೆ, ಗೋಣಿ ಅದನ್ನು ಹಿಡಿದಿಟ್ಟು ನಿಧಾನವಾಗಿ ಆರಿಸುತ್ತದೆ. ಆರುವಾಗ ಸ್ಲ್ಯಾಬಿನ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ ತೋಯಿಸಿದರೆ ಸಾಕು. ಸ್ಲ್ಯಾಬಿನಲ್ಲಿ ಬಿರುಕಿದ್ದರೆ ಇದನ್ನು ಮಾಡಬೇಡಿ, ನೀರು ಒಳಗಿನ ಕಬ್ಬಿಣಕ್ಕೆ ಇಳಿಯುತ್ತದೆ.

ಎರಡನೆಯ ದಿನ ಮಗನಿಂದ ಸುಣ್ಣ ಹೊಡೆಸಿದೆ. ಬಿಳಿ ಬಣ್ಣ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಸುಣ್ಣದ ಹಳಕು, ಅಂದರೆ ಇನ್ನೂ ನೀರಿನಲ್ಲಿ ಅರಳಿಸದ ಸುಣ್ಣದ ಗಟ್ಟಿ, ತಂದರೆ ಕಬ್ಬಿಣದ ಡಬ್ಬಿಯಲ್ಲಿ ನೀರು ತುಂಬಿ, ಆ ನೀರಿಗೆ ಹಳಕನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಹಳಕಿನ ಮೇಲೆ ನೀರು ಸುರಿಯಬೇಡಿ. ಅದು ಕೊತಕೊತ ಕುದ್ದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಮೆತ್ತಗಾಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಕನ್ನಡಕ ಹಾಕಿಕೊಂಡೇ ಮಾಡಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ರಾತ್ರಿಯೆಲ್ಲ ನೆನೆದ ಮೇಲೆ ಸೋಸಿ, ಹಿಡಿದು ನಿಲ್ಲಲೆಂದು ಒಂದಿಷ್ಟು ಫೆವಿಕಾಲ್ ಬೆರೆಸಿ, ಸಂಜೆಯ ಹೊತ್ತು ಎರಡು ಸಲ ಬಳಿಯಿರಿ. ಮಳೆಗಾಲದಲ್ಲಿ ತೊಳೆದು ಹೋದರೆ ಹೋಗಲಿ, ಬೇಸಿಗೆಗೆ ಬೇಕಾದದ್ದು ಆಗಿರುತ್ತದೆ.

ಮಾಳಿಗೆ ಆದ ಮೇಲೆ ಪಡುವಣ ಕಿಟಕಿ. ಪರದೆಯನ್ನು ಒಳಗೆ ಹಾಕಿ ಬಿಸಿಲು ತಡೆದೆವು ಅಂದುಕೊಳ್ಳುತ್ತೇವೆ. ಗಾಜು ದಾಟಿದ ಬಿಸಿಲು ಆಗಲೇ ಮನೆಯೊಳಗೆ ಬಂದಾಯಿತು. ನೆರಳು ಹೊರಗಿರಬೇಕು. ಹಳೆಯ ದುಪ್ಪಟಿಯಾಗಲಿ, ತೋಟಕ್ಕೆ ಕಟ್ಟುವ ಹಸಿರು ನೆಟ್ಟಾಗಲಿ, ಕಿಟಕಿಯಿಂದ ಒಂದು ಗೇಣು ಬಿಟ್ಟು ಹೊರಗೆ ಕಟ್ಟಿ. ಬೆಳಿಗ್ಗೆ ಎಂಟೂವರೆಯೊಳಗೆ ಕಿಟಕಿ ಬಾಗಿಲು ಎಲ್ಲ ಮುಚ್ಚಿಬಿಡಿ, ಝಳದ ಗಾಳಿ ಒಳಗೆ ಬರಬಾರದು. ಸಂಜೆ ಯಾವಾಗ ತೆರೆಯಬೇಕೆಂದು ಗಡಿಯಾರ ನೋಡಬೇಡಿ. ಕಿಟಕಿಯ ಸಂದಿಯಿಂದ ಕೈ ಹೊರಗೆ ಚಾಚಿ. ಒಳಗಿಗಿಂತ ಹೊರಗೆ ತಂಪೆನಿಸಿದ ಕ್ಷಣ ಎಲ್ಲವನ್ನೂ ತೆರೆಯಿರಿ. ಆಮೇಲೆ ಒಂದು ಟೇಬಲ್ ಫ್ಯಾನನ್ನು ಕಿಟಕಿಯ ಮುಂದೆ, ಮುಖ ಹೊರಗೆ ಮಾಡಿ ಇಡಿ. ನನ್ನ ಸೊಸೆ ಮೊದಲು ನಂಬಲಿಲ್ಲ. ಆ ಫ್ಯಾನು ಕೋಣೆಯ ಬಿಸಿ ಗಾಳಿಯನ್ನು ಹೊರಗೆ ತಳ್ಳುತ್ತದೆ, ಎದುರಿನ ಕಿಟಕಿಯಿಂದ ತಂಪು ಗಾಳಿ ತಾನಾಗಿ ಒಳಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ಫರಕು ಅವಳಿಗೇ ಗೊತ್ತಾಯಿತು.

ಫ್ಯಾನಿನ ಬಗ್ಗೆ ಒಂದು ಎಚ್ಚರಿಕೆ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಆರಿಸುತ್ತದೆ ಅಷ್ಟೆ. ಗಾಳಿಯೇ 40 ಡಿಗ್ರಿ ದಾಟಿದಾಗ ಫ್ಯಾನನ್ನು ನೆಚ್ಚಬೇಡಿ, ಅದು ಮೈಗೆ ಬಿಸಿಯನ್ನೇ ಬಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ವಯಸ್ಸಾದವರಿಗೆ ಬೆವರು ಕಡಿಮೆ, ಹೀಗಾಗಿ ಅವರಿಗೆ ಇನ್ನೂ ಅಪಾಯ. ಯಜಮಾನರಿಗೆ ನಾನು ತೆಳ್ಳನೆಯ ಹತ್ತಿ ಪಂಚೆಯನ್ನು ನೀರಿನಲ್ಲಿ ಹಿಂಡಿ ಹೆಗಲಿಗೆ, ಕುತ್ತಿಗೆಗೆ ಹೊದಿಸುತ್ತಿದ್ದೆ. ಅರ್ಧ ಗಂಟೆಗೊಮ್ಮೆ ಮತ್ತೆ ತೋಯಿಸುವುದು. ಪಾದಗಳನ್ನು ಬಕೆಟ್ಟಿನ ನೀರಿನಲ್ಲಿ ಇಟ್ಟುಕೊಂಡು ಕೂತರೆ ಇಡೀ ಮೈ ಹಗುರಾಗುತ್ತದೆ.

ಕೂಲರ್ ಇದ್ದವರು ಅದನ್ನು ಮುಚ್ಚಿದ ಕೋಣೆಯ ನಡುವೆ ಇಟ್ಟು ತಪ್ಪು ಮಾಡುತ್ತಾರೆ. ಒಂದೇ ತಾಸಿಗೆ ಕೋಣೆ ಹಸಿಹಸಿಯಾಗಿ ಉಸಿರು ಕಟ್ಟುತ್ತದೆ. ಕೂಲರಿನ ಬೆನ್ನು ಕಿಟಕಿಗೆ ಇರಬೇಕು, ಹೊರಗಿನ ಒಣ ಗಾಳಿ ಎಳೆದುಕೊಳ್ಳಬೇಕು, ಎದುರಿನ ಬಾಗಿಲು ನಾಲ್ಕು ಬೆರಳು ತೆರೆದಿರಬೇಕು. ನಮ್ಮ ಕಲಬುರಗಿ, ರಾಯಚೂರು, ಬಳ್ಳಾರಿಯ ಒಣ ಹವೆಗೆ ಇದು ಹೇಳಿ ಮಾಡಿಸಿದ್ದು. ನನ್ನ ಮಗಳು ಮಂಗಳೂರಿನಲ್ಲಿದ್ದಾಳೆ, ಅಲ್ಲಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ಕೂಲರು ಕೆಲಸಕ್ಕೆ ಬಾರದು. ಅಲ್ಲಿಯವರು ಗಾಳಿ ಆಡಿಸುವುದನ್ನೇ ನೆಚ್ಚಬೇಕು. ಕೂಲರ್ ಇಲ್ಲದಿದ್ದರೆ ಲಾವಂಚದ ತಟ್ಟಿ ತನ್ನಿ, ನಮ್ಮ ಕಡೆ ಖಸ್ ಎನ್ನುತ್ತಾರೆ. ಗಾಳಿ ಬರುವ ಕಿಟಕಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದರೆ ಬರುವ ಗಾಳಿಗೆ ತಂಪೂ ಪರಿಮಳವೂ ಸೇರುತ್ತದೆ. ಕೂಲರಿನ ಕಿಟಕಿ, ತಟ್ಟಿ ಕಟ್ಟಿದ ಈ ಕಿಟಕಿ, ಇವನ್ನು ಮಾತ್ರ ಹಗಲಲ್ಲೂ ತೆರೆದಿಡಬಹುದು. ಕೂಲರಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಟ್ಯಾಂಕು ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ. ಫ್ರಿಜ್ ಬಾಗಿಲು ತೆರೆದಿಟ್ಟು ತಂಪು ಪಡೆಯುವವರೂ ಇದ್ದಾರೆ. ಅದು ಒಳಗಿನ ಬಿಸಿಯನ್ನು ಹಿಂದಿನಿಂದ ಅದೇ ಕೋಣೆಗೆ ಬಿಡುತ್ತದೆ, ಕೋಣೆ ಇನ್ನಷ್ಟು ಕಾಯುತ್ತದೆ.

ಅಡುಗೆ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಆ ನಾಲ್ಕು ದಿನ ನಾವು ಹೆಂಚು ಇಡಲೇ ಇಲ್ಲ. ಡಬ್ಬಿಯಲ್ಲಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿಯಲ್ಲೇ ಊಟ. ರಾತ್ರಿ ಮಾಡಿಟ್ಟ ಜೋಳದ ಅಂಬಲಿಗೆ ಬೆಳಿಗ್ಗೆ ಮಜ್ಜಿಗೆ, ಉಪ್ಪು ಬೆರೆಸಿ ಎಲ್ಲರೂ ಒಂದೊಂದು ಲೋಟ. ನೀರು ತುಂಬಿದ ರಂಜಣಿಗೆಯನ್ನು, ಅಂದರೆ ಮಣ್ಣಿನ ಕೊಡವನ್ನು, ಮರಳಿನ ಮೇಲೆ ಕೂಡಿಸಿ, ಸುತ್ತ ಒದ್ದೆ ಅರಿವೆ ಸುತ್ತಿದರೆ ಫ್ರಿಜ್ ನೀರು ಯಾರಿಗೂ ನೆನಪಾಗುವುದಿಲ್ಲ.

ವಯಸ್ಸಾದವರಿಗೆ ನೀರಡಿಕೆ ಗೊತ್ತಾಗುವುದು ತಡ. "ನನಗ ನೀರಡಿಕಿ ಇಲ್ಲ" ಎಂದು ಯಜಮಾನರು ಅಂದಾಗಲೂ ನಾನು ಲೋಟ ಕೈಗೆ ಕೊಟ್ಟೇ ಬಿಡುತ್ತಿದ್ದೆ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದೇ ಅರ್ಥ. ಆದರೆ ಹೃದಯದ ತೊಂದರೆಯವರು, ನೀರಿಳಿಸುವ ಮಾತ್ರೆ ತಗೊಳ್ಳುವವರು ಎಷ್ಟು ಕುಡಿಯಬೇಕೆಂದು ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಬೇಕು. ಸುಸ್ತು ಕಂಡರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮ ಮಾಡಿ ಅಳೆಯಬೇಕು. ಉಪ್ಪು ಕಣ್ಣಳತೆಯಲ್ಲಿ ಹಾಕಬೇಡಿ, ಹೆಚ್ಚಾದರೆ ಮಕ್ಕಳಿಗೆ ಕೆಡುಕು. ಆರು ತಿಂಗಳೊಳಗಿನ ಕೂಸಿಗೆ ಎಂಥ ಬೇಸಿಗೆಯಲ್ಲೂ ತಾಯಿಯ ಹಾಲೇ ಸಾಕು. ಪದೇ ಪದೇ ಕುಡಿಸಿ, ತಾಯಿಗೆ ಹೆಚ್ಚು ನೀರು ಕೊಡಿ. ನಮ್ಮ ಕೂಸಿಗೆ ಎಂಟು ತಿಂಗಳಾಗಿದ್ದರಿಂದ ಕಾಯಿಸಿ ಆರಿಸಿದ ನೀರನ್ನು ಚಮಚದಲ್ಲಿ ಕುಡಿಸಿದೆವು, ಒದ್ದೆ ಮಾಡಿ ಒರೆಸಿದ ಫರಸಿಯ ಮೇಲೆ ತೆಳ್ಳನೆಯ ಚಾಪೆ ಹಾಸಿ ಮಲಗಿಸಿದೆವು. ತೊಟ್ಟಿಲಿಗೆ ಒದ್ದೆ ಬಟ್ಟೆ ಮುಚ್ಚುವುದು ಬೇಡ, ಒಳಗೆ ಗಾಳಿ ಆಡದೆ ಕೂಸು ಬಸವಳಿಯುತ್ತದೆ.

ಯಾರಾದರೂ ಮಾತು ತೊದಲಿದರೆ, ಗೊಂದಲಕ್ಕೆ ಬಿದ್ದರೆ, ಮೈ ಕಾದು ಸುಡುತ್ತಿದ್ದರೆ ಮನೆಮದ್ದು ಹುಡುಕುತ್ತ ಕೂಡಬೇಡಿ. 108ಕ್ಕೆ ಫೋನ್ ಮಾಡಿ. ಅದು ಬರುವವರೆಗೆ ನೆರಳಿಗೆ ಮಲಗಿಸಿ ಮೈತುಂಬ ನೀರು ಹಾಕಿ ಗಾಳಿ ಬೀಸಿ. ಕಂಕುಳು, ಕುತ್ತಿಗೆ, ತೊಡೆಸಂದಿಗೆ ಒದ್ದೆ ಅರಿವೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಇದು ಜ್ವರದ ಬಿಸಿಯಲ್ಲ, ಜ್ವರದ ಗುಳಿಗೆಗೆ ಇಳಿಯುವುದಿಲ್ಲ.

ಇನ್ನು ಯಂತ್ರದ ವಿಚಾರ. ಫೋನ್ ಮಾಡುವ ಮೊದಲು ರಿಮೋಟಿನಲ್ಲಿ ಗಾಳಿಯ ಗುರುತಿದೆಯೋ ಮಂಜಿನ ಹರಳಿನ ಗುರುತಿದೆಯೋ ನೋಡಿ, ತಂಪಿಗೆ ಮಂಜಿನದೇ ಬೇಕು. ಮಕ್ಕಳ ಕೈಯಲ್ಲಿ ಅದು ಬದಲಾಗಿರುತ್ತದೆ. ಜಾಳಿಗೆ ತೆಗೆದು ತೊಳೆಯಿರಿ, ಧೂಳು ಕಟ್ಟಿದರೆ ಒಳಗೆ ಮಂಜು ಹಿಡಿದು ತಂಪು ನಿಲ್ಲುತ್ತದೆ. ಕರೆಂಟು ಹೋಗಿ ಬಂದ ಮೇಲೆ ಮೂರು ನಾಲ್ಕು ನಿಮಿಷ ಕಾಯಿರಿ, ಕಂಪ್ರೆಸರ್ ತಡವಾಗಿಯೇ ಚಾಲೂ ಆಗುತ್ತದೆ. ಓಣಿಗೇ ವೋಲ್ಟೇಜು ಇಳಿದಿದ್ದರೆ ತಪ್ಪು ಎಸಿಯದಲ್ಲ, ವಿದ್ಯುತ್ ಕಂಪನಿಯ 1912ಕ್ಕೆ ದೂರು ಕೊಡಿ. ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಒಮ್ಮೆ ಬಿದ್ದರೆ ಎತ್ತಿ ನೋಡಬಹುದು, ಮತ್ತೆ ಬಿದ್ದರೆ ಮುಟ್ಟಬೇಡಿ. ಹೊರಗಿನ ಡಬ್ಬಿ ಗುಂಯ್ ಎನ್ನುತ್ತಿದ್ದು ಅದರ ಫ್ಯಾನು ತಿರುಗದಿದ್ದರೆ ಬಹಳ ಸಲ ಅದನ್ನು ಚಾಲೂ ಮಾಡುವ ಕೆಪಾಸಿಟರ್ ಹೋಗಿರುತ್ತದೆ. ಅದು ಸಣ್ಣ ಖರ್ಚಿನ ಕೆಲಸ, ಆದರೆ ನೀವೇ ಬಿಚ್ಚಬೇಡಿ. ಸ್ವಿಚ್ಚು ತೆಗೆದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ.

ಗ್ಯಾಸಿನ ಬಗ್ಗೆ ನಾವು ಪಾಠ ಕಲಿತದ್ದು ದುಡ್ಡು ಕೊಟ್ಟು. ಸತತ ಎರಡು ಬೇಸಿಗೆ ಒಬ್ಬ ಬಂದು "ಗ್ಯಾಸ್ ಮುಗಿದದ" ಎಂದು ತುಂಬಿ ಹೋಗಿದ್ದ. ಎಸಿಯ ಗ್ಯಾಸು ಗಾಡಿಯ ಪೆಟ್ರೋಲಿನಂತೆ ಸುಟ್ಟು ಮುಗಿಯುವುದಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ. ನಾಲ್ಕನೆಯ ದಿನ ಬಂದ ಈ ಹುಡುಗ ಪೈಪಿನ ಜೋಡಣೆಗೆಲ್ಲ ಸೋಪಿನ ನೊರೆ ಹಚ್ಚಿದ. ಹೊರಗಿನ ಡಬ್ಬಿಯ ನಟ್ಟಿನ ಹತ್ತಿರ ಗುಳ್ಳೆ ಎದ್ದಿತು. ಅಲ್ಲಿ ಸರಿ ಮಾಡಿ, ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೋ ನೋಡಿ, ಪಂಪಿನಿಂದ ಪೈಪು ಖಾಲಿ ಮಾಡಿ, ಆಮೇಲೆ ತೂಕ ಹಾಕಿ ಗ್ಯಾಸು ತುಂಬಿದ. ನಿಮ್ಮ ಮನೆಗೆ ಬಂದವರಿಂದಲೂ ಈ ನಾಲ್ಕನ್ನೂ ಮಾಡಿಸಿ. ಸೋರಿದ್ದು ಎಲ್ಲಿ ಎಂದು ಕೇಳದೆ ದುಡ್ಡು ಕೊಡಬೇಡಿ. ಡಬ್ಬಿಯ ಮೇಲೆ ಆರ್-32 ಎಂದಿದ್ದರೆ ಅದು ಹೊತ್ತಿಕೊಳ್ಳಬಲ್ಲ ಗ್ಯಾಸು, ಕೆಲಸ ನಡೆಯುವಾಗ ಹತ್ತಿರ ಬೀಡಿ, ದೀಪ ಏನೂ ಇರಬಾರದು.

ಹೊರಗಿನ ಡಬ್ಬಿ ಪಡುವಣ ಬಿಸಿಲಿಗೆ ನಿಂತಿತ್ತು. ಅದಕ್ಕೆ ಗಾಳಿ ತಡೆಯದ ಹಾಗೆ ಮೇಲೊಂದು ತಗಡಿನ ನೆರಳು ಮಾಡಿಸಿದೆವು. ಎಸಿ ಚಾಲೂ ಆದಾಗ ಮಗ 18ಕ್ಕೆ ಇಳಿಸಲು ಹೋದ. ಬೇಡಪ್ಪಾ, 26ಕ್ಕಿಟ್ಟು ಮೇಲಿನ ಫ್ಯಾನು ಸಣ್ಣಗೆ ತಿರುಗಿಸು ಎಂದೆ. ಅಷ್ಟಕ್ಕೇ ಸಾಕಾಯಿತು, ಏಕೆಂದರೆ ಮಾಳಿಗೆ ಬೆಳ್ಳಗಿತ್ತು, ಸ್ಲ್ಯಾಬು ಮೊದಲಿನ ಹಾಗೆ ಕಾದಿರಲಿಲ್ಲ. ಈ ವರ್ಷ ಯುಗಾದಿ ಆದ ವಾರವೇ ಸುಣ್ಣದ ಹಳಕು ತರಿಸಿದ್ದೇನೆ. ಖಸ್ ತಟ್ಟಿಯನ್ನು ಕೊಡವಿ ಬಿಸಿಲಿಗೆ ಹಾಕಿದ್ದೇನೆ, ನಾಳೆ ಕಿಟಕಿಗೆ ಕಟ್ಟಬೇಕು.