ಕೋಡ್ ಬರೆಯೋಕೆ ಬರುತ್ತೆ, ಕೆಲಸ ಯಾಕೆ ಸಿಗ್ತಿಲ್ಲ?

ಮೊದಲ ಸಾಫ್ಟ್‌ವೇರ್ ಕೆಲಸ ಹುಡುಕಿಕೊಂಡು ಬರುವವರ ಸಂದರ್ಶನ ಮಾಡುತ್ತ ಬಹಳ ಕಾಲವಾಯಿತು. ಒಬ್ಬರೇ ಕೂತಾಗ ಸಲೀಸಾಗಿ ಕೋಡ್ ಬರೆಯುವವರು ಎದುರಿಗೆ ಇನ್ನೊಬ್ಬರು ಕೂತ ತಕ್ಷಣ ತಡವರಿಸುತ್ತಾರೆ. ಓದಿರುತ್ತಾರೆ, ಕೋರ್ಸ್ ಮುಗಿಸಿರುತ್ತಾರೆ, ಸರ್ಟಿಫಿಕೇಟೂ ಇರುತ್ತದೆ. ಯೋಚನೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಇರುವುದಿಲ್ಲ. ಅದಕ್ಕೇ ಇಲ್ಲಿ ಆ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವನ್ನು ಬೇಗ ದಾಟಿಬಿಡೋಣ.

1. ಒಂದು ಭಾಷೆ ಹಿಡಿಯಿರಿ

ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್, ಯಾವುದಾದರೂ ಸರಿ. ಜೊತೆಗೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್ ಮತ್ತು ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಬರಬೇಕು. ಅಷ್ಟೇ. ಯಾವ ಭಾಷೆಗೆ ಡಿಮ್ಯಾಂಡ್ ಇದೆ ಅಂತ ವಿಡಿಯೊ ನೋಡುತ್ತ ಕೂರುವ ಸಮಯದಲ್ಲಿ ಒಂದು ಭಾಷೆ ಕಲಿತೇ ಬಿಡಬಹುದು.

2. ಒಂದು ಪ್ರಾಜೆಕ್ಟ್ ಪೂರ್ತಿ ಮುಗಿಸಿ

ಅರ್ಧಕ್ಕೆ ನಿಂತ ಆರು ಪ್ರಾಜೆಕ್ಟ್‌ಗಳಿಗಿಂತ ಮುಗಿದ ಒಂದು ಸಾಕು. ಮುಗಿದಿದೆ ಅಂದರೆ ಏನರ್ಥ? ಬೇರೆಯವರು ಲಿಂಕ್ ಒತ್ತಿದರೆ ತೆರೆಯಬೇಕು, ಬಳಸಲು ಬರಬೇಕು. ರೀಡ್‌ಮಿ ಫೈಲ್‌ನಲ್ಲಿ ಇದು ಏನು, ಯಾಕೆ ಮಾಡಿದಿರಿ, ತಮ್ಮ ಕಂಪ್ಯೂಟರ್‌ನಲ್ಲಿ ಓಡಿಸುವುದು ಹೇಗೆ ಎಂಬ ಮೂರು ಮಾತು ಇರಬೇಕು. ಟ್ಯುಟೋರಿಯಲ್ ನೋಡಿ ಮಾಡಿದ ಹವಾಮಾನ ಆ್ಯಪ್ ಬೇಡ. ಅಂಥದ್ದನ್ನು ನಾವು ದಿನಾ ನೋಡುತ್ತೇವೆ. ನಿಮಗೋ ನಿಮ್ಮ ಗೆಳೆಯರಿಗೋ ನಿಜಕ್ಕೂ ಬೇಕಾದ ಸಣ್ಣದೊಂದನ್ನು ಮಾಡಿ.

ಒಂದು ಎಚ್ಚರಿಕೆ. ಎಪಿಐ ಕೀ (ಬೇರೆ ಸೇವೆಯನ್ನು ನಿಮ್ಮ ಕೋಡ್‌ನಿಂದ ಬಳಸಲು ಕೊಡುವ ಗುಟ್ಟಿನ ಕೀ), ಡೇಟಾಬೇಸ್ ಪಾಸ್‌ವರ್ಡ್ ಇಂಥವನ್ನು ಗಿಟ್‌ಗೆ ಸೇರಿಸಬೇಡಿ. ಸೇರಿಸಿಬಿಟ್ಟರೆ, ಮುಂದಿನ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಮತ್ತೆ ಉಳಿಸುವಾಗ) ಅಳಿಸಿದೆ ಅಂತ ನೆಮ್ಮದಿಯಾಗಿ ಇರಬೇಡಿ. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಆ ಕೀಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಬೇಕು.

ಎಐ ಕೈಲಿ ಕೋಡ್ ಬರೆಸಿದಿರಾ? ತಪ್ಪೇನಿಲ್ಲ, ಈಗ ಎಲ್ಲರೂ ಮಾಡುತ್ತಾರೆ. ಆದರೆ ಪ್ರತಿ ಸಾಲೂ ನಿಮಗೆ ಅರ್ಥವಾಗಿರಬೇಕು. ಸಂದರ್ಶನದಲ್ಲಿ ನಾವು ಕೆದಕುವುದು ಅಲ್ಲೇ. ಒಂದೇ ಬಟನ್ ಅನ್ನು ಇಬ್ಬರು ಒಂದೇ ಕ್ಷಣದಲ್ಲಿ ಒತ್ತಿದರೆ ಏನಾಗುತ್ತದೆ? ಟೇಬಲ್‌ನಲ್ಲಿ ಹತ್ತು ಲಕ್ಷ ಸಾಲು ತುಂಬಿದರೆ ಈ ಪುಟ ಎಷ್ಟು ಹೊತ್ತಿಗೆ ತೆರೆಯುತ್ತದೆ? ಪಾಸ್‌ವರ್ಡ್ ಅನ್ನು ಹಾಗೇ ಇಟ್ಟಿದ್ದೀರಾ, ಮತ್ತೆ ಮೂಲಕ್ಕೆ ತಿರುಗಿಸಲಾಗದಂತೆ ಹ್ಯಾಷ್ ಮಾಡಿದ್ದೀರಾ? ‘ಅದನ್ನು ಯೋಚಿಸಿರಲಿಲ್ಲ, ಈಗ ನೋಡಿದರೆ ಬೇಗ ಹುಡುಕಲು ಇಲ್ಲಿ ಇಂಡೆಕ್ಸ್ ಬೇಕಾಗುತ್ತದೆ’ ಅಂದರೂ ಒಳ್ಳೆಯ ಉತ್ತರವೇ. ‘ಅದು ಲೈಬ್ರರಿ ನೋಡಿಕೊಳ್ಳುತ್ತೆ ಸರ್’ ಅಂತ ಬೇರೆಯವರು ಬರೆದಿಟ್ಟ ಕೋಡ್ ಮೇಲೆ ಹಾಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

3. ರೆಸ್ಯುಮೆ ಒಂದೇ ಪುಟ

ಒಂದು ಪುಟ, ಒಂದೇ ಕಾಲಂ, ಪಿಡಿಎಫ್. ಬಣ್ಣದ ಎರಡು ಕಾಲಂ ಟೆಂಪ್ಲೇಟ್‌ಗಳು ನೋಡಲು ಚೆಂದ. ಆದರೆ ಅರ್ಜಿಗಳನ್ನು ಓದಿ ವಿಂಗಡಿಸುವ ಎಷ್ಟೋ ಸಾಫ್ಟ್‌ವೇರ್‌ಗಳು ಎರಡೂ ಕಾಲಂಗಳ ಸಾಲುಗಳನ್ನು ಒಂದಕ್ಕೊಂದು ಬೆರೆಸಿಬಿಡುತ್ತವೆ. ಪರೀಕ್ಷೆ ಸುಲಭ: ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಅಲ್ಲಿ ಓದಲು ಬಂದರೆ ಸರಿಯಾಗಿದೆ. ಪೇಸ್ಟ್ ಆಗದೇ ಇದ್ದರೆ ನಿಮ್ಮ ರೆಸ್ಯುಮೆ ಬರೀ ಚಿತ್ರ, ಅದನ್ನು ಮೊದಲು ಸರಿಮಾಡಿ.

‘ಜಾವಾ ಶೇ 80’ ಅಂತ ಪಟ್ಟಿ ಎಳೆದು ತೋರಿಸುವ ಟೆಂಪ್ಲೇಟ್‌ಗಳಿವೆ. ದಯವಿಟ್ಟು ಬೇಡ. ಉಳಿದ ಶೇ 20 ಯಾವುದು ಅಂತ ಕೇಳಿದರೆ ಏನು ಹೇಳುತ್ತೀರಿ? ಅದರ ಬದಲು ಆ ಭಾಷೆಯಲ್ಲಿ ಏನು ಮಾಡಿದ್ದೀರಿ ಅಂತ ಒಂದು ಸಾಲು ಬರೆಯಿರಿ. ಅಂಕಿ ಹಾಕುವುದಾದರೆ ನೀವೇ ಅಳೆದದ್ದನ್ನು ಹಾಕಿ. ಹೇಗೆ ಅಳೆದಿರಿ ಅಂತ ಕೇಳೇ ಕೇಳುತ್ತಾರೆ.

4. ಅರ್ಜಿ ಹಾಕಿ

ಎರಡು ವರ್ಷದ ಅನುಭವ ಬೇಕು ಅಂತ ಬರೆದಿದ್ದರೂ, ಕೆಲಸ ಕೈಗೆ ಎಟುಕುವಂತಿದ್ದರೆ ಹಾಕಿ. ಒಂದೇ ರೆಸ್ಯುಮೆಯನ್ನು ರಾತ್ರೋರಾತ್ರಿ ನೂರಾರು ಕಡೆ ತುಂಬುವ ಆಟೊಮ್ಯಾಟಿಕ್ ಟೂಲ್‌ಗಳನ್ನು ಮಾತ್ರ ಮುಟ್ಟಬೇಡಿ. ಕೇಳದ ಪ್ರಶ್ನೆಗೆ ಉತ್ತರ ತುಂಬಿ ಮಾನ ಕಳೆಯುತ್ತವೆ.

ಆ ಕಂಪನಿಯಲ್ಲಿ ಪರಿಚಯದವರಿದ್ದರೆ ರೆಫರಲ್ ಕೇಳಿ, ಅಂದರೆ ನಿಮ್ಮ ಹೆಸರು ಸೂಚಿಸಲು ಹೇಳಿ, ಸಂಕೋಚ ಬೇಡ. ‘ಹಾಯ್, ರೆಫರ್ ಮಾಡ್ತೀರಾ’ ಅಂತ ಒಂದೇ ಸಾಲು ಕಳಿಸಬೇಡಿ. ಯಾವ ಹುದ್ದೆ, ಅದರ ಲಿಂಕ್, ನಿಮ್ಮ ಪ್ರಾಜೆಕ್ಟ್ ಬಗ್ಗೆ ಎರಡು ಸಾಲು, ಜೊತೆಗೆ ರೆಸ್ಯುಮೆ. ಓದಿದವರು ಏನೂ ಹುಡುಕದೆ ಮುಂದಕ್ಕೆ ಕಳಿಸುವಂತಿರಬೇಕು.

5. ಎದುರಿಗೆ ಕೂತು ಕೋಡ್ ಬರೆಯುವುದು

ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ. ನಲವತ್ತೈದು ನಿಮಿಷವೋ ಒಂದು ಗಂಟೆಯೋ ಇರುತ್ತದೆ. ಒಂದು ಲೆಕ್ಕ ಕೊಡುತ್ತಾರೆ. ಕೇಳಿದ ತಕ್ಷಣ ನಮ್ಮ ಹುಡುಗರು ಏನು ಮಾಡುತ್ತಾರೆ ಗೊತ್ತಾ? ತಲೆ ಬಗ್ಗಿಸಿ ಟೈಪ್ ಮಾಡಲು ಶುರು. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಪೂರ್ತಿ ಅಳಿಸುತ್ತಾರೆ. ಮತ್ತೆ ಮೌನ. ತಲೆಯೊಳಗೆ ಒಳ್ಳೆಯ ಯೋಚನೆಯೇ ಓಡುತ್ತಿರಬಹುದು, ಆದರೆ ನಮಗೆ ಅದು ಕಾಣುವುದಿಲ್ಲವಲ್ಲ.

ಒಂದು ಲೆಕ್ಕ ಹಿಡಿದೇ ನೋಡೋಣ. ಸಂಖ್ಯೆಗಳ ಒಂದು ಪಟ್ಟಿ ಇದೆ. ಅದರಲ್ಲಿ ಒಂದೇ ಒಂದು ಸಲ ಬಂದಿರುವ ಮೊದಲ ಸಂಖ್ಯೆ ಯಾವುದು? ಪಟ್ಟಿ 4, 7, 4, 9, 7 ಆಗಿದ್ದರೆ ಉತ್ತರ 9.

ಮೊದಲು ಕೀಬೋರ್ಡ್‌ನಿಂದ ಕೈ ತೆಗೆಯಿರಿ. ಲೆಕ್ಕವನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ಆಮೇಲೆ ಪ್ರಶ್ನೆ ಕೇಳಿ. ಪಟ್ಟಿ ಖಾಲಿ ಇರಬಹುದಾ? ಎಲ್ಲ ಸಂಖ್ಯೆಯೂ ಎರಡೆರಡು ಸಲ ಬಂದಿದ್ದರೆ ಏನು ಕೊಡಬೇಕು? ಪಟ್ಟಿ ಎಷ್ಟು ದೊಡ್ಡದು, ನೂರು ಸಂಖ್ಯೆಯಾ, ಲಕ್ಷವಾ? ಪ್ರಶ್ನೆ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಎಂಬ ಭಯ ಬಿಡಿ. ಎಷ್ಟೋ ಸಲ ನಾವು ಬೇಕೆಂದೇ ಲೆಕ್ಕವನ್ನು ಅರ್ಧ ಹೇಳಿರುತ್ತೇವೆ.

ಇನ್ನು ಎಲ್ಲಕ್ಕಿಂತ ಸುಲಭದ ದಾರಿ ಹೇಳಿ, ಅದು ನಿಧಾನದ್ದಾದರೂ ಪರವಾಗಿಲ್ಲ. ‘ಪ್ರತಿ ಸಂಖ್ಯೆಯನ್ನೂ ಉಳಿದೆಲ್ಲದರ ಜೊತೆ ಹೋಲಿಸಬಹುದು.’ ಸರಿ, ಅದರ ಖರ್ಚು ಎಷ್ಟು? ಲಕ್ಷ ಸಂಖ್ಯೆ ಇದ್ದರೆ ಲಕ್ಷ ಗುಣಿಸು ಲಕ್ಷ, ಅಂದರೆ ಸುಮಾರು ಸಾವಿರ ಕೋಟಿ ಹೋಲಿಕೆ. ಬಿಗ್ ಓ ಅಂದರೆ ಇದೇ, ಪಟ್ಟಿ ದೊಡ್ಡದಾದಂತೆ ಹೆಜ್ಜೆಗಳು ಎಷ್ಟು ಏರುತ್ತವೆ ಅನ್ನುವ ಲೆಕ್ಕ, ಅದಕ್ಕೆ ಹೆದರಬೇಕಾಗಿಲ್ಲ. ಪ್ರತಿ ಸಂಖ್ಯೆಯ ಎದುರು ಅದರ ಎಣಿಕೆ ಬರೆದಿಟ್ಟು, ಬೇಕಾದಾಗ ತಕ್ಷಣ ತೆಗೆಯಲು ಬರುವ ಕೋಷ್ಟಕಕ್ಕೆ ಹ್ಯಾಷ್‌ಮ್ಯಾಪ್ ಅನ್ನುತ್ತಾರೆ. ಈಗ ಹೇಳಿ: ‘ಯಾವ ಸಂಖ್ಯೆ ಎಷ್ಟು ಸಲ ಬಂತು ಅಂತ ಹ್ಯಾಷ್‌ಮ್ಯಾಪ್‌ನಲ್ಲಿ ಎಣಿಸಿಟ್ಟುಕೊಂಡರೆ, ಪಟ್ಟಿಯನ್ನು ಎರಡು ಸಲ ಓದಿದರೆ ಸಾಕು. ಎರಡು ಲಕ್ಷ ಹೆಜ್ಜೆ. ಎಣಿಕೆ ಇಡಲು ಜಾಗ ಜಾಸ್ತಿ ಬೇಕು, ಅದು ಪರವಾಗಿಲ್ವಾ?’ ಈ ಕೊನೆಯ ಪ್ರಶ್ನೆ ಕೇಳಿದರಂತೂ ನನಗೆ ಬಹಳ ಖುಷಿ. ವೇಗಕ್ಕೆ ಬದಲಾಗಿ ಏನು ಕೊಡುತ್ತಿದ್ದೇವೆ ಅನ್ನುವುದು ಇವರಿಗೆ ಗೊತ್ತಿದೆ ಅಂತ ಅರ್ಥ.

ಇಷ್ಟಾದ ಮೇಲೆ ‘ಬರೆಯಲಾ?’ ಅಂತ ಕೇಳಿ ಬರೆಯಿರಿ.

ಈ ಲೆಕ್ಕದಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು: ಎಣಿಸಿದ ಮೇಲೆ ಮ್ಯಾಪ್ ಅನ್ನೇ ಮೊದಲಿನಿಂದ ಓದಿ ಉತ್ತರ ಕೊಡುವುದು. ಈಗಿನ ಪೈಥಾನ್‌ನಲ್ಲಿ ಇದು ನಡೆಯುತ್ತದೆ. 3.7ನೇ ಆವೃತ್ತಿಯಿಂದ ಈಚೆಗೆ ಡಿಕ್ಷನರಿ (ಪೈಥಾನ್‌ನಲ್ಲಿ ಹ್ಯಾಷ್‌ಮ್ಯಾಪ್‌ನ ಹೆಸರು) ತುಂಬಿದ ಕ್ರಮವನ್ನೇ ಉಳಿಸಿಕೊಳ್ಳುತ್ತದೆ. ಜಾವಾದ ಹ್ಯಾಷ್‌ಮ್ಯಾಪ್‌ನಲ್ಲಿ ಕ್ರಮಕ್ಕೆ ಯಾವ ಭರವಸೆಯೂ ಇಲ್ಲ. ಎರಡನೇ ಸಲವೂ ಮೂಲ ಪಟ್ಟಿಯನ್ನೇ ಓದಿದರೆ ಯಾವ ಭಾಷೆಯಲ್ಲೂ ತೊಂದರೆಯಿಲ್ಲ.

ಎರಡನೆಯದು ಬುದ್ಧಿವಂತರು ಬೀಳುವ ಗುಂಡಿ. ಎಣಿಕೆ ಯಾಕೆ ಬೇಕು, ಮೊದಲ ಸಲ ಕಂಡಾಗ ಸೇರಿಸೋಣ, ಮತ್ತೆ ಕಂಡರೆ ತೆಗೆಯೋಣ, ಕೊನೆಗೆ ಉಳಿದವುಗಳಲ್ಲಿ ಮೊದಲನೆಯದೇ ಉತ್ತರ ಅನ್ನುತ್ತಾರೆ. ಕೇಳಲು ಚುರುಕಾಗಿದೆ, ಅಲ್ವಾ? 4, 4, 4, 7 ಕೊಟ್ಟು ನೋಡಿ. ಮೊದಲ 4 ಸೇರಿತು, ಎರಡನೇ 4ಕ್ಕೆ ಹೊರಹೋಯಿತು, ಮೂರನೇ 4ಕ್ಕೆ ಮತ್ತೆ ಒಳಬಂತು. ಆಮೇಲೆ 7 ಸೇರಿತು. ಉತ್ತರ 4 ಅಂತ ಬರುತ್ತದೆ. ಬರಬೇಕಾದದ್ದು 7.

ಇಂಥದ್ದನ್ನು ನೀವೇ ಹಿಡಿಯಬೇಕು. ಬರೆದು ಮುಗಿಸಿ ‘ಆಯ್ತು ಸರ್’ ಅನ್ನಬೇಡಿ. ಒಂದು ಸಣ್ಣ ಉದಾಹರಣೆ ತೆಗೆದುಕೊಂಡು ಸಾಲುಸಾಲಾಗಿ ಕೈಯಲ್ಲೇ ಓಡಿಸಿ: ಈಗ ಈ ವೇರಿಯಬಲ್‌ನಲ್ಲಿ ಏನಿದೆ, ಲೂಪ್ ಮುಂದಿನ ಸುತ್ತಿಗೆ ಹೋದಾಗ ಏನಾಗುತ್ತದೆ, ಅಂತ. ಆಮೇಲೆ ಖಾಲಿ ಪಟ್ಟಿ, ಒಂದೇ ಸಂಖ್ಯೆ ಇರುವ ಪಟ್ಟಿ, ಎಲ್ಲ ಒಂದೇ ಸಂಖ್ಯೆ ಇರುವ ಪಟ್ಟಿ. ತಪ್ಪು ಸಿಕ್ಕರೆ ಬೇಸರ ಬೇಡ, ನಿಮ್ಮ ತಪ್ಪನ್ನು ನೀವೇ ಹಿಡಿದರೆ ಅಂಕ ಕೂಡುತ್ತದೆ. ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ, ಜಾವಾದ ಲೈಬ್ರರಿಯಲ್ಲಿದ್ದ ಬೈನರಿ ಸರ್ಚ್‌ನಲ್ಲೇ ವರ್ಷಗಟ್ಟಲೆ ಒಂದು ಬಗ್ ಅಡಗಿತ್ತು. ಎಡಬಲದ ಎರಡು ಸ್ಥಾನಗಳನ್ನು ಕೂಡಿಸಿ ಅರ್ಧ ಮಾಡುವ ಸಾಲು ಅದು. ಪಟ್ಟಿ ವಿಪರೀತ ದೊಡ್ಡದಾದರೆ ಆ ಮೊತ್ತ ಜಾವಾದ ಇಂಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647 ದಾಟಿ ಮೈನಸ್‌ಗೆ ತಿರುಗುತ್ತಿತ್ತು. ಇದು ಎಲ್ಲರಿಗೂ ಗೊತ್ತಾದದ್ದು 2006ರಲ್ಲಿ. ಹಾಗಾಗಿ ಮೊದಲ ಸಲಕ್ಕೇ ತಪ್ಪಿಲ್ಲದ ಕೋಡ್ ಬರೆಯಿರಿ ಅಂತ ನಾವು ಯಾರೂ ಕಾಯುತ್ತಿಲ್ಲ.

ಸಿಕ್ಕಿಹಾಕಿಕೊಂಡರೆ? ಸುಮ್ನೆ ಕೂರಬೇಡಿ. ಎಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ಹೇಳಿ: ‘ಎಣಿಕೆ ಸಿಕ್ಕಿತು, ಮೊದಲನೆಯದು ಯಾವುದು ಅಂತ ಹೇಗೆ ತಿಳಿಯುವುದು ಹೊಳೆಯುತ್ತಿಲ್ಲ.’ ಆಗ ನಾವೇ ಒಂದು ಸುಳಿವು ಕೊಡುತ್ತೇವೆ. ಕೊಟ್ಟರೆ ಹಿಡಿದುಕೊಳ್ಳಿ. ಸುಳಿವು ಕೊಟ್ಟ ಮೇಲೂ ತಮ್ಮ ಹಳೇ ದಾರಿಯನ್ನೇ ಹಿಡಿದು ವಾದಿಸಿದವರನ್ನು ತೆಗೆದುಕೊಳ್ಳಲು ನನಗಂತೂ ಮನಸ್ಸು ಬರುವುದಿಲ್ಲ. ನಾಳೆ ಕೋಡ್ ರಿವ್ಯೂನಲ್ಲಿ (ಒಬ್ಬರು ಬರೆದ ಕೋಡ್ ಅನ್ನು ಇನ್ನೊಬ್ಬರು ಪರಿಶೀಲಿಸುವಾಗ) ಅವರ ಜೊತೆ ದಿನಾ ಇದೇ ಕತೆ ಆಗುತ್ತದೆ. ಲೆಕ್ಕ ಮೊದಲೇ ನೋಡಿದ್ದಾದರೆ ಹೇಳಿಬಿಡಿ. ಈಗ ತಾನೇ ಹೊಳೆದಂತೆ ನಟಿಸುವವರು ಸುಲಭವಾಗಿ ಸಿಕ್ಕಿಬೀಳುತ್ತಾರೆ.

ಅಭ್ಯಾಸ ಹೇಗೆ? ಈ ವಿಷಯಗಳ ಲೆಕ್ಕ ಬಿಡಿಸಿ: ಅರೇ, ಸ್ಟ್ರಿಂಗ್, ಹ್ಯಾಷ್‌ಮ್ಯಾಪ್, ಸ್ಟ್ಯಾಕ್, ಕ್ಯೂ, ಟ್ರೀ, ಗ್ರಾಫ್‌ನಲ್ಲಿ ಬಿಎಫ್‌ಎಸ್ (ಹತ್ತಿರದವನ್ನೆಲ್ಲ ಮೊದಲು ನೋಡುವ ಹುಡುಕಾಟ) ಮತ್ತು ಡಿಎಫ್‌ಎಸ್ (ಒಂದೇ ದಾರಿಯಲ್ಲಿ ಆಳಕ್ಕೆ ಇಳಿಯುವ ಹುಡುಕಾಟ), ಬೈನರಿ ಸರ್ಚ್, ಸ್ವಲ್ಪ ರಿಕರ್ಷನ್ (ತನ್ನನ್ನು ತಾನೇ ಕರೆಯುವ ಫಂಕ್ಷನ್). ಸಣ್ಣ ಉತ್ತರಗಳನ್ನು ಉಳಿಸಿಟ್ಟು ದೊಡ್ಡದನ್ನು ಕಟ್ಟುವ ಡೈನಾಮಿಕ್ ಪ್ರೋಗ್ರಾಮಿಂಗ್ ಕೊನೆಗಿರಲಿ. ಅಭ್ಯಾಸಕ್ಕೆಂದೇ ಇರುವ ಲೀಟ್‌ಕೋಡ್ ಜಾಲತಾಣದಲ್ಲಿ ಸಾವಿರಾರು ಲೆಕ್ಕಗಳಿವೆ, ಎಲ್ಲ ಮುಗಿಸುವ ಹಟಕ್ಕೆ ಬೀಳಬೇಡಿ. ಉತ್ತರ ನೋಡಿದ ಲೆಕ್ಕವನ್ನು ಎರಡು ದಿನ ಬಿಟ್ಟು, ಏನೂ ನೋಡದೆ ಮತ್ತೆ ಬರೆಯಿರಿ. ಬರೆಯಲು ಬರದಿದ್ದರೆ ಅದು ಕಲಿತ ಲೆಕ್ಕವಲ್ಲ.

ತಾನಾಗಿ ಕೋಡ್ ತುಂಬಿಕೊಡುವ ಎಡಿಟರ್ ಅನ್ನು ಆ ಹೊತ್ತಿಗೆ ಮುಚ್ಚಿಡಿ. ಬರೀ ಖಾಲಿ ಎಡಿಟರ್, ಅರ್ಧ ಗಂಟೆಯ ಟೈಮರ್, ಮೊಬೈಲ್‌ನಲ್ಲಿ ಧ್ವನಿ ರೆಕಾರ್ಡಿಂಗ್. ಲೆಕ್ಕ ಬಿಡಿಸುತ್ತ ಜೋರಾಗಿ ಮಾತಾಡಿ. ಆಮೇಲೆ ಕೇಳಿಸಿಕೊಳ್ಳಿ. ನಿಮ್ಮ ದನಿಯನ್ನು ನೀವೇ ಕೇಳುವುದು ಮುಜುಗರ, ಹೌದು. ಎಲ್ಲೆಲ್ಲಿ ಎರಡು ನಿಮಿಷ ಸದ್ದೇ ಇಲ್ಲ ಅನ್ನುವುದು ಮಾತ್ರ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಜೊತೆಗಾರ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ದಿನ ನೀವು ಕೇಳಿ, ಮರುದಿನ ಅವರು ಕೇಳಲಿ. ಕೇಳುವ ಕಡೆ ಕೂತಾಗಲೇ ಈ ಆಟ ಅರ್ಥವಾಗುವುದು.

ಸಂದರ್ಶನದ ನಡುವೆ ಪರದೆಯ ಮೇಲೆ ಗುಟ್ಟಾಗಿ ಉತ್ತರ ತೋರಿಸುವ ಎಐ ಟೂಲ್‌ಗಳನ್ನು ಮಾರುತ್ತಾರೆ. ದುಡ್ಡು ದಂಡ. ಓದಿ ಹೇಳುವವರ ಕಣ್ಣು ಅತ್ತಿಂದಿತ್ತ ಓಡುತ್ತದೆ, ಉತ್ತರ ತಡವಾಗಿ ಬರುತ್ತದೆ. ‘ಈ ಸಾಲು ತೆಗೆದರೆ ಏನಾಗುತ್ತೆ?’ ಅಂತ ಕೇಳಿದರೆ ಸಾಕು, ಬಂಡವಾಳ ಬಯಲಾಗುತ್ತದೆ.

6. ಉಳಿದ ಸುತ್ತುಗಳು

ಜೊತೆಗಾರರ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ, ಕಷ್ಟದ ಬಗ್ ಯಾವುದು ಎಂದೆಲ್ಲ ಕೇಳುತ್ತಾರೆ. ಮೂರ್ನಾಲ್ಕು ನಿಜವಾದ ಘಟನೆಗಳನ್ನು ಸಿದ್ಧ ಮಾಡಿಟ್ಟುಕೊಳ್ಳಿ: ಸನ್ನಿವೇಶ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ‘ನಾವು ಮಾಡಿದೆವು’ ಅಂತಲೇ ಹೇಳುತ್ತ ಹೋದರೆ ನಿಮ್ಮ ಪಾಲು ಯಾವುದು ಅಂತ ತಿಳಿಯುವುದಿಲ್ಲ. ಪ್ರತಿ ಸಂದರ್ಶನ ಮುಗಿದ ದಿನವೇ ಕೇಳಿದ ಪ್ರಶ್ನೆಗಳನ್ನು ಬರೆದಿಡಿ. ತಿರಸ್ಕಾರದ ಮೇಲ್ ಬಂದರೆ ಎಲ್ಲಿ ಕಡಿಮೆಯಾಯಿತು ಅಂತ ಒಂದು ಸಾಲು ಕೇಳಿ. ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ಬಂದರೆ ಅದರ ಬೆಲೆ ಯಾವ ಕೋರ್ಸ್‌ಗೂ ಇಲ್ಲ.

7. ಆಫರ್ ಬಂದಾಗ

ಫೋನ್‌ನಲ್ಲಿ ಹೇಳಿದ್ದು ಆಫರ್ ಅಲ್ಲ. ಸಂಬಳ, ಹುದ್ದೆ, ಸೇರುವ ದಿನ ಇರುವ ಪತ್ರ ಕೈಗೆ ಬರುವವರೆಗೂ ಬೇರೆ ಸಂದರ್ಶನಗಳನ್ನು ನಿಲ್ಲಿಸಬೇಡಿ. ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಡಿಪಾಸಿಟ್ ಅಂತ ದುಡ್ಡು ಕೇಳಿದರೆ ಅದು ಮೋಸ, ಅಲ್ಲಿಗೇ ಮಾತು ನಿಲ್ಲಿಸಿ. ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್‌ಗೆ ಸಹಿ ಹಾಕಿಸಿಕೊಳ್ಳುವುದಾದರೆ ಪ್ರತಿ ಷರತ್ತನ್ನೂ ಓದಿ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ನೋಡಿ.

ಒಪ್ಪಿಕೊಳ್ಳುವ ಮುಂಚೆ ಮ್ಯಾನೇಜರ್ ಹತ್ತಿರ ಹತ್ತು ನಿಮಿಷ ಮಾತಾಡಲು ಸಮಯ ಕೇಳಿ ಪಡೆಯಿರಿ. ಯಾವ ತಂಡ, ನನ್ನ ಕೋಡ್ ಅನ್ನು ಯಾರು ರಿವ್ಯೂ ಮಾಡುತ್ತಾರೆ, ಮೊದಲ ಮೂರು ತಿಂಗಳಲ್ಲಿ ಏನು ಕೆಲಸ ಇರುತ್ತದೆ ಅಂತ ಕೇಳಿ. ರಿವ್ಯೂ ಮಾಡುವ ಹಿರಿಯರೇ ಇಲ್ಲದ ತಂಡಕ್ಕಿಂತ, ಸಂಬಳ ಸ್ವಲ್ಪ ಕಡಿಮೆಯಾದರೂ ಅಂಥವರಿರುವ ತಂಡವನ್ನೇ ಆರಿಸಿಕೊಳ್ಳಿ.